ಹಾಲಿನ ಗಾಡಿಯ ಕೂಗು

ಸ್ಟುಡಿಯೋದಲ್ಲಿ ಅವಳನ್ನು ಎಲ್ಲರೂ ಕಿವಿಯಕ್ಕ ಎಂದೇ ಕರೆಯುತ್ತಿದ್ದರು. ಜಾಹೀರಾತುಗಳಿಗೆ, ನಾಟಕಗಳಿಗೆ ಬೇಕಾದ ಸದ್ದುಗಳನ್ನು ಹಿಡಿದು ತಂದು, ಕಸ ತೆಗೆದು, ಕತ್ತರಿಸಿ, ಹೊಲಿದು ಕೊಡುವುದು ಅವಳ ಕಸುಬು. ಬಾಗಿಲು ಕಿರುಗುಟ್ಟಿದ್ದನ್ನು ಕೇಳಿದರೆ ಅದಕ್ಕೆ ಎಣ್ಣೆ ಬಿಟ್ಟು ಎಷ್ಟು ಕಾಲವಾಯಿತೆಂದು ಹೇಳಿಯಾಳು ಎಂದು ಜೊತೆಯವರು ತಮಾಷೆ ಮಾಡುತ್ತಿದ್ದರು. ಮನೆಯಲ್ಲಿ ಅಣ್ಣ ಮಾತ್ರ, “ಇವಳ ಕಿವಿಗೆ ಬೀಳದೇ ಇರೋದು ಒಂದೇ, ಅಮ್ಮ ಹೇಳೋ ಕೆಲಸ,” ಎನ್ನುತ್ತಿದ್ದ.

ಅಣ್ಣ, ಅತ್ತಿಗೆ, ಅವರ ಕೂಸು, ಅಮ್ಮ, ಇವಳು, ಎಲ್ಲರೂ ಇದ್ದದ್ದು ಒಂದೇ ಮನೆಯಲ್ಲಿ. ಎರಡು ಮಹಡಿ ಹತ್ತಿ ಬಲಕ್ಕೆ ತಿರುಗಿದರೆ ಅವರ ಬಾಗಿಲು. ಮದುವೆಯ ಮಾತು ಎದ್ದಾಗಲೆಲ್ಲ ಹೆಡ್‌ಫೋನ್ ಹಾಕಿಕೊಂಡು ಕೂತು ಕೂತು ಅವಳು ಆ ವಯಸ್ಸನ್ನೇ ದಾಟಿಬಿಟ್ಟಿದ್ದಳು. ಈಗ ಯಾರೂ ಆ ಸುದ್ದಿ ಎತ್ತುತ್ತಿರಲಿಲ್ಲ.

ಒಂದು ದಿನ ಜಾಹೀರಾತಿನ ನಿರ್ದೇಶಕ ಕುಣಿಯುತ್ತಾ ಬಂದ. ಊರಿಗೆಲ್ಲ ಹಾಲು ಹಂಚುವ ಕಂಪನಿಯ ಕೆಲಸ ಅವನಿಗೆ ಸಿಕ್ಕಿತ್ತು.

“ಅಕ್ಕಾ, ಒಂದು ಹಸು ಕೂಗ್ಬೇಕು. ಸುಮ್ನೆ ಕೂಗೋದಲ್ಲ. ಕೇಳಿದೋರಿಗೆ ಅವರವರ ಅಮ್ಮ ನೆನಪಾಗ್ಬೇಕು.”

ಕಿವಿಯಕ್ಕ ತನ್ನ ಸಂಗ್ರಹದಲ್ಲಿದ್ದ ಹಸುಗಳನ್ನೆಲ್ಲ ಕೇಳಿಸಿದಳು. ಒಂದು ನೆಗಡಿಯಾದ ಹಡಗಿನಂತೆ ಕೂಗಿತು, ಇನ್ನೊಂದು ಕಾಲು ಮುರಿದ ಕುರ್ಚಿಯಂತೆ. ನಿರ್ದೇಶಕ ಮುಖ ಹಿಂಡಿದ. “ಇದನ್ನ ಕೇಳಿದ್ರೆ ನೆನಪಾಗೋದು ನಮ್ಮತ್ತೆ,” ಎಂದ. ಕೊನೆಗೆ ಅವಳೇ ಮೈಕು, ರೆಕಾರ್ಡರು ಹೆಗಲಿಗೇರಿಸಿಕೊಂಡು ಊರಾಚೆಯ ಡೇರಿಗೆ ಹೊರಟಳು.

ಅಲ್ಲಿ ಹೇಸುವಂಥದ್ದೇನೂ ಇರಲಿಲ್ಲ. ನೆಲಕ್ಕೆ ರಬ್ಬರ್ ಹಾಸು, ತಲೆಯ ಮೇಲೆ ಫ್ಯಾನು, ಸಾಲಾಗಿ ನಿಂತ ಹಸುಗಳು, ಕೆಚ್ಚಲಿಗೆ ಕಚ್ಚಿಕೊಂಡು ಚುಕ್‌ಚುಕ್ ಎನ್ನುವ ಯಂತ್ರಗಳು. ಕೊಟ್ಟಿಗೆಯ ಮೇಲ್ವಿಚಾರಕ ಮೊಣಕಾಲುದ್ದದ ಬೂಟು ಹಾಕಿಕೊಂಡ, ನಗುಮುಖದ ದಡೂತಿ ಆಸಾಮಿ. ಹಾದುಹೋಗುವಾಗ ಪ್ರತಿ ಹಸುವಿನ ಬೆನ್ನು ತಟ್ಟುತ್ತಿದ್ದ. ಆದರೆ ಕೂಗಬೇಕಾದ ಹಸುಗಳು ಮಾತ್ರ ಬಾಯಿಗೆ ಬೀಗ ಹಾಕಿಕೊಂಡಂತೆ ನಿಂತಿದ್ದವು. ಮೈಕು ಹಿಡಿದು ಹಿಡಿದು ಅವಳ ತೋಳು ಸೋತಿತು.

ಅಷ್ಟರಲ್ಲಿ ಸಾಲಿನ ಕೊನೆಯಿಂದ ಒಂದು ಕೂಗು ಬಂತು. ಹೊಟ್ಟೆಯ ಆಳದಲ್ಲಿ ಹುಟ್ಟಿ, ಕೊರಳಲ್ಲಿ ಮೇಲೇರಿ, ತುದಿಯಲ್ಲಿ ಪ್ರಶ್ನೆಯಂತೆ ತಿರುಗಿ ನಿಲ್ಲುವ ಕೂಗು. ಅವಳ ಮೈ ಜುಮ್ಮೆಂದಿತು. ಇಷ್ಟು ವರ್ಷದ ಕೆಲಸದಲ್ಲಿ ಇಂಥ ದನಿ ಅವಳ ಮೈಕಿಗೆ ಬಿದ್ದಿರಲಿಲ್ಲ. ಓಡಿಹೋಗಿ ಆ ಹಸುವಿನ ಮುಂದೆ ಮಂಡಿಯೂರಿ ಕೂತಳು. ಕಪ್ಪು ಮೈಯ ದೊಡ್ಡ ಹಸು ಅವಳನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ. ಬಾಗಿಲ ಕಡೆಗೆ ಮುಖ ಮಾಡಿ ಮತ್ತೆ ಕೂಗಿತು. ಮತ್ತೆ. ಮತ್ತೆ. ಕಿವಿಯಕ್ಕ ಮೀಟರಿನ ಮುಳ್ಳು ನೋಡುತ್ತ, ಬಂಗಾರ ಸಿಕ್ಕವಳಂತೆ ಒಳಗೊಳಗೇ ಹಿಗ್ಗುತ್ತಿದ್ದಳು.

ಸಾಕಷ್ಟು ಹಿಡಿದಾದ ಮೇಲೆ ಸುಮ್ಮನೆ ಮಾತಿಗೆಂದು ಕೇಳಿದಳು: “ಇದ್ಯಾಕೆ ಇಷ್ಟು ಕೂಗುತ್ತೆ?”

“ಬೆಳಿಗ್ಗೆ ಅದರ ಕರು ಕಳಿಸಿದ್ವಿ ಮೇಡಂ. ಗಂಡು ಕರು. ಇಟ್ಕೊಂಡು ಏನ್ಮಾಡೋದು? ಒಂದೆರಡು ದಿನ ಕೂಗುತ್ತೆ, ಆಮೇಲೆ ಮರೆಯುತ್ತೆ.”

“ಎಲ್ಲಿಗೆ ಕಳಿಸಿದ್ರಿ?”

ಮೇಲ್ವಿಚಾರಕ, ಸೂರ್ಯ ಮುಳುಗಿ ಎಲ್ಲಿಗೆ ಹೋಗ್ತಾನೆ ಎಂದು ಕೇಳಿದ ಮಗುವನ್ನು ನೋಡುವಂತೆ ಅವಳನ್ನು ನೋಡಿದ. “ಗಾಡಿ ಬರುತ್ತೆ, ತಗೊಂಡು ಹೋಗುತ್ತೆ,” ಎಂದು ತಗ್ಗಿದ ದನಿಯಲ್ಲಿ ಹೇಳಿ, ಮರುಗಳಿಗೆಗೇ ಮುಖ ಅರಳಿಸಿ, “ಕೂಗು ಚೆನ್ನಾಗಿ ಬಂತಾ?” ಎಂದ.

“ತುಂಬಾ ಚೆನ್ನಾಗಿ ಬಂತು.”

ಅವನು ಉಪಚಾರಕ್ಕೆಂದು ದೊಡ್ಡ ಲೋಟದಲ್ಲಿ ಬೆಚ್ಚಗಿನ ಹಾಲು ತಂದುಕೊಟ್ಟ. ಬಿಸಿಲಿಗೆ ಬಾಯಾರಿತ್ತು. ಗಟಗಟನೆ ಕುಡಿದು ತುಟಿಯ ಮೇಲಿನ ನೊರೆಯನ್ನೂ ನಾಲಿಗೆಯಿಂದ ಒರೆಸಿಕೊಂಡಳು. ಆಗಲೂ ಆ ಹಸು ಕೂಗುತ್ತಲೇ ಇತ್ತು.

ಮರುದಿನ ಸ್ಟುಡಿಯೋದ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಹೆಡ್‌ಫೋನಿನಲ್ಲಿ ಕೇಳಲು ಕೂತಾಗ ಅವಳಿಗೆ ಹೊಸದೊಂದು ಗಮನಕ್ಕೆ ಬಂತು. ಅಲ್ಲಿ, ಯಂತ್ರಗಳ ಗದ್ದಲದಲ್ಲಿ, ಅದು ಕೇಳಿಸಿರಲಿಲ್ಲ; ಆ ಗದ್ದಲವನ್ನು ಸೋಸಿ ತೆಗೆದ ಮೇಲೆ ಕೇಳಿಸಿತು. ಪ್ರತಿ ಕೂಗು ಮುಗಿದ ಮೇಲೂ ಒಂದು ಖಾಲಿ ಜಾಗವಿತ್ತು. ಆ ಜಾಗದಲ್ಲಿ ಹಸು ಮೆಲುಕು ಹಾಕುತ್ತಿರಲಿಲ್ಲ, ಗೊರಸು ಕದಲಿಸುತ್ತಿರಲಿಲ್ಲ, ಬಾಲ ಬೀಸುತ್ತಿರಲಿಲ್ಲ. ಉಸಿರು ಕೂಡ ಹಿಡಿದಿತ್ತು. ಅದು ಕಿವಿಗೊಟ್ಟು ಕಾಯುತ್ತಿತ್ತು. ಉತ್ತರ ಬಾರದಿದ್ದಾಗ ಉಸಿರು ಬಿಡುತ್ತಿತ್ತು. ಆಮೇಲೆ ಮತ್ತೆ ಕೂಗುತ್ತಿತ್ತು.

ಕೇಳುವುದನ್ನೇ ಕಸುಬಾಗಿಸಿಕೊಂಡವಳಿಗೆ ಇನ್ನೊಂದು ಜೀವ ಹಾಗೆ ಕೇಳುತ್ತಿರುವುದು ಗೊತ್ತಾಗದೆ ಇದ್ದೀತೇ? ಕಿವಿಯಕ್ಕ ಹೆಡ್‌ಫೋನ್ ತೆಗೆದಿಟ್ಟಳು. ಆದರೂ ಕೆಲಸ ಕೆಲಸವೇ. ಜಾಹೀರಾತಿನಲ್ಲಿ ಖಾಲಿ ಜಾಗಕ್ಕೆ ಎಡೆಯಿಲ್ಲ. ಅವಳು ಆ ಮೌನಗಳನ್ನು ಒಂದೊಂದಾಗಿ ಕತ್ತರಿಸಿ ತೆಗೆದಳು, ಕೂಗುಗಳನ್ನು ಜೋಡಿಸಿದಳು, ಹಿನ್ನೆಲೆಗೆ ಕೊಳಲು ಹಾಕಿದಳು. ನಿರ್ದೇಶಕ ಕೇಳಿ ಕಣ್ಣು ಒರೆಸಿಕೊಂಡ. “ಅಕ್ಕಾ, ನಿಮ್ಮ ಕೈಗೆ ಚಿನ್ನದ ಬಳೆ ತೊಡಿಸ್ಬೇಕು. ಅಮ್ಮ ಅಂದ್ರೆ ಇದು!”

ಮರುದಿನ ಬೆಳಿಗ್ಗೆ ಅಮ್ಮ ಎಂದಿನಂತೆ ಚಹಾ ತಂದಿಟ್ಟಳು. ಕಿವಿಯಕ್ಕ ಲೋಟವನ್ನು ಬಾಯಿಯವರೆಗೆ ಒಯ್ದಳು. ಹಾಲಿನ ವಾಸನೆಯ ಹಿಂದೆಯೇ ಆ ಉಸಿರು ಹಿಡಿದ ಮೌನ ಬಂದು ಕೂತಿತ್ತು. ಲೋಟ ಕೆಳಗಿಟ್ಟಳು. ಮಾರನೆಯ ದಿನವೂ ಹಾಗೇ ಆಯಿತು. ಮೊಸರು, ಬೆಣ್ಣೆ, ಕೊನೆಗೆ ಅಣ್ಣ ಆಸೆಪಟ್ಟು ತಂದ ಐಸ್‌ಕ್ರೀಮು, ಯಾವುದೂ ಇಳಿಯಲಿಲ್ಲ. ಬಿಡಬೇಕೆಂದು ಬಿಟ್ಟದ್ದಲ್ಲ, ಅದೇ ಅವಳನ್ನು ಬಿಟ್ಟಿತು. ಹಾಗೆ ಬಿಟ್ಟವರನ್ನು ಏನೆಂದು ಕರೆಯುತ್ತಾರೆಂದೂ ಅವಳಿಗೆ ಗೊತ್ತಿರಲಿಲ್ಲ. ಸ್ಟುಡಿಯೋದ ಲೈಟಿನವನೇ ಹೆಸರಿಟ್ಟ.

“ಓಹೋ, ಅಕ್ಕ ವೀಗನ್ ಆದ್ರಾ? ಅದೇ ಈಗಿನ ಫ್ಯಾಷನ್ನು!” ಎಂದು ಅವಳ ಕಾಲಿನ ಕಡೆ ಬಾಗಿ ನೋಡಿದ. “ಮತ್ತೆ ಚಪ್ಪಲಿ ಯಾವುದರದ್ದು?”

“ಚರ್ಮದ್ದು.”

“ಹೆಂಗೆ ಮತ್ತೆ!”

“ಹೌದು,” ಎಂದಳು ಅವಳು. ವಾದ ಮಾಡುವ ಜಾಯಮಾನ ಅವಳದಲ್ಲ. ಸಂಜೆ ಹೋಗಿ ಬಟ್ಟೆಯ ಚಪ್ಪಲಿ ಕೊಂಡಳು. ಮರುದಿನ ಅವನು ಅದನ್ನೂ ಆಡಿಕೊಂಡ. ಬಿಟ್ಟರೂ ನಗು, ಬಿಡದಿದ್ದರೂ ನಗು.

ಮನೆಯಲ್ಲಿ ಮೊದಲು ಕಾಯಿಲೆ ಎಂದುಕೊಂಡರು. ಅಮ್ಮ ನಾಲಿಗೆ ತೋರಿಸು ಎಂದಳು, ರೆಪ್ಪೆ ಎಳೆದು ನೋಡಿದಳು, ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಡಾಕ್ಟರು ಏನೂ ಇಲ್ಲವೆಂದಾಗ ಅವಳ ಗಾಬರಿ ಇನ್ನೂ ಹೆಚ್ಚಾಯಿತು. ಅಣ್ಣನಿಗೆ ಮಾತ್ರ ಹಬ್ಬವಾಯಿತು.

“ಇವತ್ತು ಹಾಲು. ನಾಳೆ ಸೌತೆಕಾಯಿಗೂ ಜೀವ ಇದೆ ಅಂತೀಯ. ಆಮೇಲೆ ಬರೀ ಗಾಳಿ ಕುಡ್ಕೊಂಡು ಇರ್ತೀಯಾ?”

“ಸುಮ್ನಿರಿ ನೀವು,” ಎಂದಳು ಅತ್ತಿಗೆ. ಆದರೆ ಅವಳಿಗೂ ಒಳಗೆ ಮುಳ್ಳು ಚುಚ್ಚಿತ್ತು. ಮೊಲೆಹಾಲು ಬಿಡಿಸಿ ಕೂಸಿಗೆ ಬಾಟಲಿ ಹಾಲು ಹಿಡಿಸಿದ್ದ ದಿನಗಳವು. “ನೀನು ಹಾಗೆ ನೋಡ್ಬೇಡ ಕಣೇ, ನಾನೇನೋ ವಿಷ ಕೊಡ್ತಿದೀನಿ ಅನ್ನಿಸುತ್ತೆ,” ಎಂದಳು ಒಮ್ಮೆ. ಕಿವಿಯಕ್ಕ ನೋಡಿರಲೇ ಇಲ್ಲ. ಅವಳು ಗೋಡೆಯ ಕಡೆಗೆ ತಿರುಗಿ ಕೂತಿದ್ದಳು. ಅದೇ ತಪ್ಪಾಗಿತ್ತು.

ಕೂಸಿನ ಹುಟ್ಟುಹಬ್ಬಕ್ಕೆ ಬಂದ ಚಿಕ್ಕಮ್ಮ ಕೇಕಿನ ತುಂಡನ್ನು ಅವಳ ತುಟಿಗೇ ಒತ್ತಿದಳು. “ಒಂದು ಚೂರು ತಿಂದ್ರೆ ಯಾವ ಹಸು ಬಂದು ಕೇಳುತ್ತೆ?”

ಕಿವಿಯಕ್ಕನಿಗೆ ನಗು ಬಂತು. ನಗುವಿನ ಬಾಲ ಹಿಡಿದುಕೊಂಡು ಅಳುವೂ ಬಂತು. ಎದ್ದು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟಳು. ಹೊರಗೆ ಚಿಕ್ಕಮ್ಮ, “ಇವಳಿಗೆ ಕೊಬ್ಬು. ನಮ್ಮನ್ನೆಲ್ಲ ಪಾಪಿಗಳು ಅನ್ನೋಕೆ ಒಂದು ದಾರಿ,” ಎನ್ನುತ್ತಿದ್ದದ್ದು ನೀರಿನ ಸದ್ದಿನ ನಡುವೆಯೂ ಅವಳ ಕಿವಿಗೆ ಸ್ಪಷ್ಟವಾಗಿ ಬಿತ್ತು. ಕಾರಣ ಏನೆಂದು ಅವಳು ಯಾರಿಗೂ ಹೇಳಿರಲಿಲ್ಲ. ಹೇಳಲು ಬಾಯಿ ತೆರೆದರೆ ಹಸುವಿನ ಕೂಗೇ ಬಂದುಬಿಟ್ಟರೆ ಎಂಬ ವಿಚಿತ್ರ ಅಂಜಿಕೆ.

ಜಾಹೀರಾತು ಮನೆಮಾತಾಯಿತು. ಜನ ಎಷ್ಟು ಮೆಚ್ಚಿದರೆಂದರೆ, ಕಂಪನಿಯವರು ತಮ್ಮ ಹಾಲಿನ ಗಾಡಿಗಳ ಹಾರನ್ನನ್ನೇ ತೆಗೆದು ಅದರ ಜಾಗಕ್ಕೆ ಆ ಕೂಗು ಹಾಕಿದರು. ಅಂದಿನಿಂದ ಬೆಳಗಾದರೆ ಬೀದಿಯ ತಿರುವಿನಲ್ಲಿ ಆ ಹಸು ಕೂಗತೊಡಗಿತು. ಗಾಡಿ ಹತ್ತಿರವಾದಂತೆ ಹತ್ತಿರ ಬಂದು, ಅವರ ಕಿಟಕಿಯ ಕೆಳಗೇ ನಿಂತು ಕೂಗಿ, ಮುಂದಿನ ಬೀದಿಗೆ ಹೋಗುತ್ತಿತ್ತು. ಬಾಗಿಲುಗಳು ತೆರೆಯುತ್ತಿದ್ದವು. ಪಾತ್ರೆ ಹಿಡಿದ ಹೆಂಗಸರು, ಚಪ್ಪಲಿ ಹುಡುಕುವ ಮುದುಕರು, ಹಲ್ಲುಜ್ಜುವ ಬ್ರಶ್ ಬಾಯಲ್ಲಿ ಇಟ್ಟುಕೊಂಡವರು, ಎಲ್ಲರೂ ಆ ಕೂಗಿಗೆ ಓಗೊಟ್ಟು ಇಳಿದು ಬರುತ್ತಿದ್ದರು. ಕರೆದದ್ದು ಯಾರನ್ನೋ, ಬಂದದ್ದು ಇನ್ಯಾರೋ. ಶಾಲೆಗೆ ಹೋಗುವ ಮಕ್ಕಳು ದಾರಿಯುದ್ದಕ್ಕೂ ಅದನ್ನೇ ಅನುಕರಿಸುತ್ತಿದ್ದರು. ಕಿವಿಯಕ್ಕ ದಿಂಬಿನಲ್ಲಿ ಮುಖ ಹುದುಗಿಸಿ ಗಾಡಿ ದಾಟಿಹೋಗುವವರೆಗೂ ಉಸಿರು ಹಿಡಿದಿರುತ್ತಿದ್ದಳು.

ಒಂದು ಬೆಳಿಗ್ಗೆ ಅತ್ತಿಗೆ ಸಂಭ್ರಮದಿಂದ ಕಿರುಚಿದಳು. ಕೂಸು ಕಿಟಕಿಯ ಸರಳು ಹಿಡಿದು ನಿಂತು, ಹೊಟ್ಟೆಯಾಳದಿಂದ ದನಿ ತೆಗೆದು, “ಅಂ...ಬಾ” ಎಂದಿತ್ತು. ಅದರ ಮೊದಲ ಮಾತು! ಅಣ್ಣ ಎತ್ತಿ ಕುಣಿಸಿದ, ಅಮ್ಮ ದೃಷ್ಟಿ ತೆಗೆದಳು. ಕೂಸು ಹುರುಪಿನಿಂದ ಮತ್ತೆ ಕೂಗಿತು. ತುದಿಯಲ್ಲಿ ದನಿ ಪ್ರಶ್ನೆಯಂತೆ ತಿರುಗುವುದನ್ನೂ ಬಿಡದೆ ಕಲಿತಿತ್ತು.

ಆ ದಿನವೇ ಕಿವಿಯಕ್ಕ ನಿರ್ದೇಶಕನ ಬಳಿ ಹೋಗಿ ಗಾಡಿಗಳಿಂದ ಆ ಸದ್ದು ತೆಗೆಸಲು ಆಗುತ್ತದೆಯೇ ಎಂದು ಕೇಳಿದಳು.

“ಯಾಕಕ್ಕಾ? ಎಲ್ರಿಗೂ ಇಷ್ಟ ಆಗಿದೆ!”

“ಅದು ಅಳೋದು ಕಣಪ್ಪಾ.”

ಅವನು ಕೆಟ್ಟವನಲ್ಲ. “ಅಳು ಅಂತ ನಮಗೆ ಗೊತ್ತು. ಜನಕ್ಕೆ ಗೊತ್ತಿಲ್ವಲ್ಲ,” ಎಂದ ಮೆಲ್ಲಗೆ.

ಪೇಟೆಯ ಚೌಕದಲ್ಲಿ ರಜಾದಿನಗಳಂದು ಫಲಕ ಹಿಡಿದು ನಿಲ್ಲುವ ಒಂದು ಸಣ್ಣ ಗುಂಪಿತ್ತು. ಹಾಲು, ಮಾಂಸ, ಮೊಟ್ಟೆ, ಜೇನು ಎಲ್ಲವನ್ನೂ ಬಿಟ್ಟವರು. ಅವರ ಮುಂದಾಳು ಒಬ್ಬ ಗಣಿತದ ಟೀಚರು, ಮೂಗಿನ ತುದಿಗೆ ಜಾರುವ ಕನ್ನಡಕದ ಹೆಂಗಸು. ಮೊದಲೆಲ್ಲ ಕಿವಿಯಕ್ಕ ಆ ಗುಂಪನ್ನು ಕಂಡರೆ ರಸ್ತೆಯ ಆಚೆ ಬದಿಗೆ ದಾಟುತ್ತಿದ್ದವಳು. ಈಗ ತಾನೇ ಹೋಗಿ ಟೀಚರಿಗೆ ನಡೆದದ್ದನ್ನೆಲ್ಲ ಹೇಳಿದಳು. ಕತ್ತರಿಸದ ಮೂಲ ಧ್ವನಿ ಇನ್ನೂ ತನ್ನ ಹತ್ತಿರ ಇದೆಯೆಂದೂ ಹೇಳಿದಳು.

ಟೀಚರ ಕಣ್ಣು ಮಿಂಚಿತು. “ಇದನ್ನ ಕೇಳಿದ್ಮೇಲೆ ಕಲ್ಲೂ ಕರಗುತ್ತೆ. ಚೌಕದಲ್ಲಿ ಹಾಕೋಣ.”

ಮುಂದಿನ ರಜೆಯ ದಿನ, ಚೌಕ ಗಿಜಿಗುಡುತ್ತಿದ್ದಾಗ, ಕಿವಿಯಕ್ಕ ತಾನೇ ಸ್ಪೀಕರುಗಳನ್ನು ಜೋಡಿಸಿ ದನಿಯ ಮಟ್ಟ ಸರಿಮಾಡಿದಳು. ಟೀಚರು ಮೈಕಿನಲ್ಲಿ, “ಒಂದು ತಾಯಿಯ ದನಿ ಕೇಳಿ,” ಎಂದರು. ಮೊದಲ ಕೂಗು ಎದ್ದಿತು.

ಜನ ತಿರುಗಿ ನೋಡಿದರು. ಎಲ್ಲರ ಮುಖದಲ್ಲೂ ಮಂದಹಾಸ ಹರಡಿತು.

“ಹಾಲಿನ ಗಾಡಿ!” ಎಂದು ಒಂದು ಮಗು ಚಪ್ಪಾಳೆ ತಟ್ಟಿತು. ಅಲ್ಲೇ ಬೆಂಚಿನ ಮೇಲಿದ್ದ ಮುದುಕನೊಬ್ಬ ಜಾಹೀರಾತಿನ ಹಾಡು ಗುನುಗಿದ. ಪಕ್ಕದವರೂ ದನಿಗೂಡಿಸಿದರು. ಮೌನ ಬಂದಾಗ, ಹಸು ಉಸಿರು ಹಿಡಿದು ಕಾಯುವ ಆ ಮೌನದಲ್ಲಿ, ಯಾರೋ, “ಸ್ಪೀಕರ್ ಕೆಟ್ಟೋಯ್ತು,” ಎಂದರು. ಒಬ್ಬ ಹೆಂಗಸು ಚೀಲ ಹಿಡಿದು ಮುಂದೆ ಬಂದು, “ಹೊಸ ಪ್ಯಾಕೆಟ್ ಏನಾದ್ರೂ ಬಂದಿದ್ಯಾ? ಪುಕ್ಕಟೆ ಕೊಡ್ತೀರಾ?” ಎಂದು ಕೇಳಿದಳು.

“ಇದು ಜಾಹೀರಾತಲ್ರೀ! ಕರು ಕಿತ್ಕೊಂಡಿದ್ದಕ್ಕೆ ಅಳ್ತಿರೋದು!” ಟೀಚರ ದನಿ ಒಡೆಯಿತು.

“ಅಯ್ಯೋ, ಹಸು ಅಂದ್ಮೇಲೆ ಕೂಗುತ್ತೆ, ಅದಕ್ಕೇನೀಗ,” ಎಂದು ಹೆಂಗಸು ಚೀಲ ಮಡಚಿಕೊಂಡು ಹೋದಳು. ಅವಳ ಹಿಂದೆ ಉಳಿದವರೂ ಚದುರಿದರು. ಕೆಲವರ ಬಾಯಲ್ಲಿ ಹಾಡು ಇನ್ನೂ ಇತ್ತು.

ಇಬ್ಬರೂ ತಂತಿ ಸುತ್ತುತ್ತ ಕೂತರು. ಟೀಚರು ಬಯ್ಯಲಿಲ್ಲ. “ನೀವು ತುಂಬಾ ಚೆನ್ನಾಗಿ ಕತ್ತರಿಸಿದ್ದೀರಿ. ಅದೇ ಕಷ್ಟ ಆಗಿರೋದು,” ಎಂದರು.

ಆ ಮಾತು ತಿಂಗಳುಗಟ್ಟಲೆ ಅವಳನ್ನು ತಿಂದುಹಾಕಿತು. ಒಂದು ದಿನ ಕೆಲಸಕ್ಕೆ ರಜೆ ಹಾಕಿ, ಮೈಕು ಗೀಕು ಏನೂ ಇಲ್ಲದೆ, ಬರಿಗೈಯಲ್ಲಿ ಡೇರಿಗೆ ಹೋದಳು. ಹೋಗಿ ಏನು ಮಾಡುತ್ತೇನೆಂದು ಅವಳಿಗೇ ಗೊತ್ತಿರಲಿಲ್ಲ. ಮೇಲ್ವಿಚಾರಕ ದೂರದಿಂದಲೇ ಗುರುತು ಹಿಡಿದು ಕೈ ಬೀಸಿದ.

“ಬನ್ನಿ ಮೇಡಂ! ನಮ್ಮ ಹಸು ಸ್ಟಾರ್ ಆಗೋಯ್ತು ನೋಡಿ! ನಮ್ಮ ಮನೇಲಿ ಎಲ್ರಿಗೂ ಹೇಳಿದೀನಿ, ಇದು ನಾನು ಸಾಕಿದ ಹಸು ಅಂತ.”

ಕರಿಯ ಹಸು ಅದೇ ಕೊನೆಯ ಜಾಗದಲ್ಲಿ ನಿಂತಿತ್ತು. ಮತ್ತೆ ಕರು ಹಾಕಿತ್ತಂತೆ, ಮೊನ್ನೆ ತಾನೇ. ಅದನ್ನೂ ಕಳಿಸಿಯಾಗಿತ್ತು.

“ಈ ಸಲ ಒಂದು ಸಲವೂ ಕೂಗ್ಲಿಲ್ಲ,” ಎಂದ ಮೇಲ್ವಿಚಾರಕ, ಮೆಚ್ಚುಗೆಯಿಂದ. “ಜಾಣೆ. ಅರ್ಥ ಮಾಡ್ಕೊಂಡುಬಿಟ್ಟಿದೆ.”

ಕಿವಿಯಕ್ಕ ಹತ್ತಿರ ಹೋದಳು. ಹಸು ಈ ಸಲ ಬಾಗಿಲ ಕಡೆ ನೋಡುತ್ತಿರಲಿಲ್ಲ. ಎದುರಿನ ಗೋಡೆಗೆ ಮುಖ ಮಾಡಿತ್ತು. ಅವಳು ಕೈ ಚಾಚಿದಳು. ಹಸು ಮೂಸಿ ನೋಡಿತು. ಆಮೇಲೆ ನಾಲಿಗೆ ಹೊರಚಾಚಿ ಅವಳ ಮಣಿಕಟ್ಟು ನೆಕ್ಕಿತು. ಅಲ್ಲಿಗೇ ನಿಲ್ಲಿಸಲಿಲ್ಲ. ಮಣಿಕಟ್ಟಿನಿಂದ ಮೊಣಕೈಯವರೆಗೆ, ಮತ್ತೆ ಕೆಳಗಿನಿಂದ ಮೇಲಕ್ಕೆ, ಒಂದಿಷ್ಟೂ ಜಾಗ ಬಿಡದೆ, ಹಸಿ ಮೈಯನ್ನು ಒಣಗಿಸುವ ಹಾಗೆ, ನಿಧಾನವಾಗಿ, ಶ್ರದ್ಧೆಯಿಂದ ನೆಕ್ಕತೊಡಗಿತು. ಮರಳುಕಾಗದದಂಥ ನಾಲಿಗೆ. ಚರ್ಮ ಕೆಂಪಾಗಿ ಉರಿಯಿತು. ಅವಳು ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಕಣ್ಣಿಂದ ನೀರು ಇಳಿಯುತ್ತಿದ್ದರೂ ಒರೆಸಿಕೊಳ್ಳಲು ಇನ್ನೊಂದು ಕೈ ಏಳಲಿಲ್ಲ.

ಮೇಲ್ವಿಚಾರಕನ ನಗು ಮೆಲ್ಲಗೆ ಮಾಸಿತು. ಬೂಟಿನ ತುದಿ ನೋಡಿಕೊಂಡ.

“ಬಿಡಿಸ್ಕೊಳ್ಳಿ ಮೇಡಂ,” ಎಂದ. “ಅದಕ್ಕೆ ಅಭ್ಯಾಸ ಆಗ್ಬಿಡುತ್ತೆ.”

ಸಂಜೆ ಮನೆಗೆ ಬಂದಾಗ ಅಮ್ಮ ಒಬ್ಬಳೇ ಇದ್ದಳು. ಮಗಳ ತೋಳು ನೋಡಿ ಬೆಚ್ಚಿ, ಎಣ್ಣೆ ತಂದು ಹಚ್ಚತೊಡಗಿದಳು. “ಏನೇ ಇದು? ಎಲ್ಲಿ ಬಿದ್ದೆ?”

ಕಿವಿಯಕ್ಕ ಹೇಳಿದಳು. ಇಷ್ಟು ದಿನ ಮನೆಯಲ್ಲಿ ಹೇಳದ್ದನ್ನೆಲ್ಲ ಹೇಳಿದಳು, ಬಾಗಿಲ ಕಡೆಗಿನ ನೋಟ, ಕೂಗು, ಕೂಗಿನ ನಡುವಿನ ಕಾಯುವಿಕೆ, ಅದನ್ನು ತಾನು ಕತ್ತರಿಸಿದ್ದು, ಈಗ ಅದು ಕೂಗದೇ ಇರುವುದು, ತನ್ನ ತೋಳನ್ನು ಕರುವಿನಂತೆ ನೆಕ್ಕಿದ್ದು. ಅಮ್ಮನ ಬೆರಳು ಎಣ್ಣೆ ಹಚ್ಚುತ್ತ ಹಚ್ಚುತ್ತ ನಿಂತುಹೋಯಿತು. ಆಮೇಲೆ ಬಟ್ಟಲಿನ ಮುಚ್ಚಳ ಹಾಕಿ, “ನನ್ನಿಂದ ಈ ವಯಸ್ಸಲ್ಲಿ ಚಹಾ ಬಿಡೋಕೆ ಆಗಲ್ಲ. ಅದನ್ನ ಮಾತ್ರ ಹೇಳ್ಬೇಡ,” ಎಂದಳು.

“ನಾನು ಬಿಡು ಅಂದೆನಾ?”

“ಅನ್ಲಿಲ್ಲ. ಅಂದಿದ್ರೆ ಜಗಳ ಆಡ್ಬಹುದಿತ್ತು.”

ಮರುದಿನ ಬೆಳಿಗ್ಗೆ ಗಾಡಿ ತಿರುವಿನಲ್ಲಿ ಕೂಗಿತು. ಅಮ್ಮ ಎಂದಿನಂತೆ ಪಾತ್ರೆ ಹಿಡಿದು ಹೊರಟಳು. ಮೆಟ್ಟಿಲಿನ ತಿರುವಿನವರೆಗೆ ಇಳಿದು, ಗೋಡೆಗೆ ಕೈಯೂರಿ ನಿಂತಳು. ಕೂಗು ಕಿಟಕಿಯ ಕೆಳಗೆ ಬಂತು, ನಿಂತಿತು, ಮುಂದೆ ಹೋಯಿತು. ಅಮ್ಮ ಖಾಲಿ ಪಾತ್ರೆಯೊಂದಿಗೆ ವಾಪಸು ಬಂದು, ಬಾಗಿಲಲ್ಲಿದ್ದ ಮಗಳನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿತ್ತು.

“ಯಾಕೆ ಹೇಳ್ದೆ ನಂಗೆ?”

ಅಂದಿನಿಂದ ಹಾಲು ತರುವ ಕೆಲಸ ಅಣ್ಣನ ಪಾಲಿಗೆ ಬಂತು. ಗಾಡಿಯ ಹೊತ್ತಿಗೆ ಅಮ್ಮ ಹಿಂದಿನ ಕೋಣೆಗೆ ಹೋಗಿ, ಹೊಲಿಯುವ ಮಿಷನ್ನನ್ನು ಬಟ್ಟೆಯಿಲ್ಲದೆಯೇ ಗಡಗಡ ತುಳಿಯುತ್ತ ಕೂರುತ್ತಿದ್ದಳು. ಚಹಾ ಬಿಡಲಿಲ್ಲ. ಆದರೆ ಕುಡಿಯುವಾಗ ಈಗ ಯಾರ ಜೊತೆಯೂ ಮಾತಾಡುತ್ತಿರಲಿಲ್ಲ. ಔಷಧಿ ಕುಡಿದಂತೆ ಕಣ್ಣು ಮುಚ್ಚಿ ಒಂದೇ ಗುಟುಕಿಗೆ ಮುಗಿಸುತ್ತಿದ್ದಳು. ಅಣ್ಣ, “ಮನೇಲಿ ಒಂದು ಹುಚ್ಚು ಸಾಲ್ದು ಅಂತ ಈಗ ಎರಡಾಯ್ತು,” ಎಂದ. ಅವನ ತಮಾಷೆಗೆ ಈ ಸಲ ಅತ್ತಿಗೆಯೂ ನಗಲಿಲ್ಲ.

ಒಂದು ಮಧ್ಯಾಹ್ನ ಕಿವಿಯಕ್ಕ ಊಟಕ್ಕೆ ಕೂತಿದ್ದಾಗ ಅಮ್ಮ ಎದುರು ಬಂದು ಕೂತಳು. ಹೇಳಲೋ ಬೇಡವೋ ಎಂದು ಸೆರಗಿನ ಅಂಚು ಸುತ್ತಿದಳು, ಬಿಚ್ಚಿದಳು.

“ಆ ಕರುನ ಒಂದು ಸಲನಾದ್ರೂ ನೆಕ್ಕೋಕೆ ಬಿಟ್ಟಿದ್ರಂತಾ? ಕಳಿಸೋ ಮುಂಚೆ?”

“ಕೇಳ್ಲಿಲ್ಲಮ್ಮ.”

“ಕೇಳ್ಬೇಕಿತ್ತು,” ಎಂದು ಅಮ್ಮ ಎದ್ದು ಒಳಗೆ ಹೋದಳು.